ಲಿವರ್‌ನ ಕೊಬ್ಬು ಬಂದದ್ದು ಎಲ್ಲಿಂದ? ಗುರುತು ಹಾಕಿದ ನೀರಿನ ಲೆಕ್ಕ

ಪೊನ್ನಂಪೇಟೆ ಹತ್ತಿರ ಇರುವ ಚಿಕ್ಕಪ್ಪನ ಮನೆಗೆ ಮೊನ್ನೆ ಹೋಗಿದ್ದೆ. ಊಟ ಮುಗಿದ ಮೇಲೆ ಅವರು ಸ್ಕ್ಯಾನಿಂಗ್ ರಿಪೋರ್ಟ್ ತಂದು ಮೇಜಿನ ಮೇಲಿಟ್ಟರು. ‘ಗ್ರೇಡ್ ಒನ್ ಫ್ಯಾಟಿ ಲಿವರ್’ ಎಂಬ ಸಾಲಿನ ಕೆಳಗೆ ನೀಲಿ ಪೆನ್ನಿನ ಗೀಟು. ಜೊತೆಗೆ ಒಂದು ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯ ಮೇಲೆ ಹಳದಿ ಹಣ್ಣಿನ ಚಿತ್ರ. ಪುಟ್ಟ ಕುಂಬಳಕಾಯಿಯ ಹಾಗೆ ಗೆರೆ ಗೆರೆ. ಕೊಡಗಿನವರಿಗೆ ಅದರ ಪರಿಚಯ ಬೇಕಿಲ್ಲ, ಕಾಚಂಪುಳಿಯ ಹಣ್ಣು. ಹಂದಿಮಾಂಸದ ಪಂದಿಕರಿಗೆ ಹಾಕುವ ಕಪ್ಪು ಹುಳಿ ಮಾಡುವುದು ಇದರಿಂದಲೇ.

“ಈ ಮಾತ್ರೆ ಲಿವರ್‌ನ ಕೊಬ್ಬು ಕರಗಿಸುತ್ತದಂತೆ. ನಮ್ಮದೇ ಹುಳಿ ಅಲ್ವಾ, ತಗೊಂಡ್ರೆ ತಪ್ಪೇನು?” ಎಂದು ಕೇಳಿದರು.

“ಸ್ವಲ್ಪ ತಡೀರಿ ಚಿಕ್ಕಪ್ಪ. ಆ ಕೊಬ್ಬು ನಿಮ್ಮ ಲಿವರ್‌ಗೆ ಎಲ್ಲಿಂದ ಬಂತು ಅಂತ ಯಾರಾದರೂ ಹೇಳಿದ್ರಾ?” ಎಂದೆ. ಅವರು ರಿಪೋರ್ಟ್ ಕಡೆ ನೋಡಿದರು. ಅದರಲ್ಲಿ ಅದು ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ.

ಅವರು ತೋಟದವರು. ಹಾಗಾಗಿ ತೋಟದ ಮಾತಲ್ಲೇ ಹೇಳಿದೆ. ಗೋಡೌನ್ ತುಂಬ ಕಾಫಿ ಮೂಟೆ ಇದೆ ಅಂದುಕೊಳ್ಳಿ. ಒಟ್ಟು ತೂಕ ಹಾಕಿದರೆ ಎಷ್ಟಿದೆ ಅಂತ ಗೊತ್ತಾಗುತ್ತದೆ. ಆದರೆ ಅದರಲ್ಲಿ ಹೋದ ವರ್ಷದ ಉಳಿಕೆ ಎಷ್ಟು, ಪಕ್ಕದ ತೋಟದಿಂದ ಕೊಂಡದ್ದು ಎಷ್ಟು, ಈ ಸಲ ನಮ್ಮ ಕಣದಲ್ಲೇ ಒಣಗಿಸಿದ್ದು ಎಷ್ಟು? ತೂಕದ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಅಲ್ಟ್ರಾಸೌಂಡ್ ಅಂಥ ತೂಕದ ಯಂತ್ರ. ಅದೂ ಬಹಳ ನಾಜೂಕಿನದಲ್ಲ, ಲಿವರ್‌ನಲ್ಲಿ ಕೊಬ್ಬು ಸುಮಾರು ಶೇ. 20 ಆಗುವ ತನಕ ಅದರ ಕಣ್ಣಿಗೆ ಸರಿಯಾಗಿ ಬೀಳುವುದೇ ಕಷ್ಟ.

ಲಿವರ್‌ಗೆ ಕೊಬ್ಬು ಸೇರುವ ದಾರಿ ಮುಖ್ಯವಾಗಿ ಮೂರು. ಹೊಟ್ಟೆ, ಸೊಂಟದ ಸುತ್ತ ಕೂಡಿಟ್ಟ ಕೊಬ್ಬು ಕರಗಿ ರಕ್ತದ ಮೂಲಕ ಬರುವುದು ಒಂದು. ಊಟದಲ್ಲಿ ತಿಂದ ಎಣ್ಣೆ, ತುಪ್ಪ, ಮಾಂಸದ ಕೊಬ್ಬು ಇನ್ನೊಂದು. ಮೂರನೆಯದು ಲಿವರ್ ತಾನೇ ಹೊಸದಾಗಿ ತಯಾರಿಸುವ ಕೊಬ್ಬು. ಸಕ್ಕರೆ, ಅನ್ನದಂಥ ಪಿಷ್ಟ, ಮದ್ಯ ಇವುಗಳಿಂದ ಸಿಗುವ ಎರಡು ಇಂಗಾಲದ ಸಣ್ಣ ತುಂಡುಗಳನ್ನು ಒಂದಕ್ಕೊಂದು ಪೋಣಿಸಿ ಲಿವರ್ ಕೊಬ್ಬು ಕಟ್ಟುತ್ತದೆ. ಅಂಥ ಎಂಟು ತುಂಡು ಸೇರಿದರೆ ಹದಿನಾರು ಇಂಗಾಲದ ಪಾಲ್ಮಿಟಿಕ್ ಆಮ್ಲ. ಲಿವರ್ ಹೊಸದಾಗಿ ಮಾಡುವ ಕೊಬ್ಬಿನಲ್ಲಿ ಮುಖ್ಯವಾದದ್ದು ಇದೇ.

ತೊಂದರೆ ಏನೆಂದರೆ, ಹಂದಿಮಾಂಸದಿಂದ ಬಂದ ಪಾಲ್ಮಿಟಿಕ್ ಆಮ್ಲವೂ ಸಕ್ಕರೆಯಿಂದ ಲಿವರ್ ಕಟ್ಟಿದ ಪಾಲ್ಮಿಟಿಕ್ ಆಮ್ಲವೂ ಒಂದೇ ಅಣು. ಪಕ್ಕಪಕ್ಕ ಇಟ್ಟರೆ ಯಾವ ಪರೀಕ್ಷೆಯೂ ಬೇರೆ ಮಾಡಲಾರದು. ಬೇರೆ ಮಾಡಬೇಕಾದರೆ ಹೊಸದು ತಯಾರಾಗುವ ಹೊತ್ತಿನಲ್ಲೇ ಅದರ ಮೇಲೆ ಗುರುತು ಬೀಳಬೇಕು. ಗುರುತು ಹಾಕಿದ ನೀರು ಮಾಡುವುದು ಆ ಕೆಲಸವನ್ನೇ.

ನೀರಿನ ಅಣುವಿನಲ್ಲಿ ಎರಡು ಹೈಡ್ರೋಜನ್ ಇರುತ್ತವೆ. ಹೈಡ್ರೋಜನ್‌ಗೆ ಒಬ್ಬ ಭಾರದ ಅಣ್ಣ ಇದ್ದಾನೆ, ಹೆಸರು ಡ್ಯುಟೀರಿಯಂ. ತೂಕ ಸುಮಾರು ಎರಡು ಪಟ್ಟು, ಗುಣ ಹೆಚ್ಚುಕಡಿಮೆ ಅದೇ. ಅಮೆರಿಕದ ಹೆರಾಲ್ಡ್ ಯೂರಿ ಇದನ್ನು 1931ರಲ್ಲಿ ಪತ್ತೆ ಮಾಡಿದರು, 1934ರಲ್ಲಿ ಅವರಿಗೆ ನೊಬೆಲ್ ಬಂತು. ಎರಡೂ ಹೈಡ್ರೋಜನ್ ಡ್ಯುಟೀರಿಯಂ ಆಗಿರುವ ನೀರೇ ಭಾರಜಲ. ಇದರ ಮಂಜುಗಡ್ಡೆಯನ್ನು ಸಾಮಾನ್ಯ ನೀರಿಗೆ ಹಾಕಿದರೆ ತೇಲುವುದಿಲ್ಲ, ಮುಳುಗುತ್ತದೆ. ಅಣುಸ್ಥಾವರದ ಜೊತೆ ಹೆಸರು ಕೇಳಿ ಹಲವರು ಹೆದರುತ್ತಾರೆ. ಹೆದರಬೇಕಿಲ್ಲ. ಡ್ಯುಟೀರಿಯಂ ವಿಕಿರಣ ಸೂಸುವುದಿಲ್ಲ. ನಾವು ದಿನಾ ಕುಡಿಯುವ ನೀರಿನಲ್ಲೂ ಸುಮಾರು 6,400 ಹೈಡ್ರೋಜನ್‌ಗೆ ಒಂದರಂತೆ ಅದು ಇದ್ದೇ ಇದೆ. ತಲಕಾವೇರಿಯ ಕುಂಡಿಕೆಯ ನೀರಿನಲ್ಲೂ ಇದೆ.

ಈ ಗುರುತಿನ ಉಪಾಯ ಹೊಸದಲ್ಲ. ಜರ್ಮನಿ ಬಿಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ್ದ ರುಡಾಲ್ಫ್ ಶೋನ್‌ಹೈಮರ್ ಮತ್ತು ಅವರ ಜೊತೆಗಾರ ಡೇವಿಡ್ ರಿಟನ್‌ಬರ್ಗ್ 1935ರಲ್ಲೇ ಡ್ಯುಟೀರಿಯಂ ಹಾಕಿ ಇಲಿಗಳ ಕೊಬ್ಬಿನ ಬೆನ್ನು ಹತ್ತಿದರು. ಮೈಯಲ್ಲಿ ಕೂಡಿಟ್ಟ ಕೊಬ್ಬು ಅಟ್ಟದ ಮೇಲಿನ ಪಾತ್ರೆಯ ಹಾಗೆ ಸುಮ್ನೆ ಬಿದ್ದಿರುತ್ತದೆ ಎಂದು ಆವರೆಗೆ ನಂಬಿದ್ದರು. ಹಾಗಲ್ಲ, ಅದು ಸದಾ ಹೋಗುತ್ತಾ ಬರುತ್ತಾ ಇರುತ್ತದೆ ಎಂದು ಇವರು ತೋರಿಸಿದರು.

ಮನುಷ್ಯರಲ್ಲಿ ಅಳೆಯುವುದು ಹೇಗೆ? ಒಂದು ಲೆಕ್ಕ ಹಾಕಿ ನೋಡೋಣ. ಚಿಕ್ಕಪ್ಪನ ತೂಕ 70 ಕಿಲೋ ಅಂತಿಟ್ಟುಕೊಳ್ಳಿ. ಗಂಡಸರ ಮೈಯಲ್ಲಿ ಸುಮಾರು ಶೇ. 60 ನೀರು, ಅಂದರೆ 42 ಲೀಟರ್. ಅದರಲ್ಲಿ ಶೇ. 0.5 ಭಾರಜಲ ಇರಬೇಕು ಎಂದಾದರೆ ಸುಮಾರು 210 ಗ್ರಾಂ ಕುಡಿಸಬೇಕು. ಒಂದು ಲೋಟದಷ್ಟು. ಒಂದೇ ಸಲಕ್ಕೆ ಕೊಡುವುದಿಲ್ಲ. ಮೈಯ ನೀರಿನಲ್ಲಿ ಡ್ಯುಟೀರಿಯಂ ಬೇಗ ಏರಿದರೆ ಕಿವಿಯೊಳಗಿನ ಸಮತೋಲನದ ಅಂಗ ಗಲಿಬಿಲಿಯಾಗಿ ಸ್ವಲ್ಪ ಹೊತ್ತು ತಲೆ ಸುತ್ತುತ್ತದೆ. ಅದಕ್ಕೇ ಗಂಟೆಗಳ ಅಂತರದಲ್ಲಿ ಸ್ವಲ್ಪ ಸ್ವಲ್ಪವೇ ಕೊಡುತ್ತಾರೆ. ಪ್ರಾಣಿಗಳಲ್ಲಿ ನಿಜವಾದ ಹಾನಿ ಕಂಡದ್ದು ಮೈಯ ನೀರಿನ ಶೇ. 20ಕ್ಕೂ ಜಾಸ್ತಿ ಭಾರಜಲ ಆದಾಗ. ಇಲ್ಲಿನ ಪ್ರಮಾಣ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಕುಡಿದ ಭಾರಜಲ ಕೆಲವೇ ಗಂಟೆಗಳಲ್ಲಿ ಮೈಯ ನೀರಲ್ಲೆಲ್ಲ ಬೆರೆತುಬಿಡುತ್ತದೆ. ಲಿವರ್‌ನ ಒಳಗೂ ಅದೇ ನೀರು. ಲಿವರ್ ಹೊಸ ಪಾಲ್ಮಿಟಿಕ್ ಆಮ್ಲ ಕಟ್ಟುವಾಗ ಹೈಡ್ರೋಜನ್‌ಗಳು ಬೇಕು. ಇಂಗಾಲಕ್ಕೆ ಅಂಟಿದ 31 ಹೈಡ್ರೋಜನ್‌ಗಳಲ್ಲಿ ಸುಮಾರು 22 ಒಂದಲ್ಲ ಒಂದು ದಾರಿಯಲ್ಲಿ ಮೈಯ ನೀರಿನಿಂದಲೇ ಬರುತ್ತವೆ. ಹಳೆಯ ಕೊಬ್ಬು, ತಿಂದ ಕೊಬ್ಬು ಈಗಾಗಲೇ ತಯಾರಾಗಿ ಬಂದದ್ದು, ಅದಕ್ಕೆ ಈ ಗುರುತು ಅಂಟುವುದಿಲ್ಲ. ಕಾಫಿ ಗಿಡಕ್ಕೆ ಹೂಮಳೆ ಬಿದ್ದ ಹಾಗೆ ಇದು. ಮಳೆ ಬಿದ್ದಾಗ ಗಿಡದಲ್ಲಿ ಕಾದು ಕುಳಿತ ಮೊಗ್ಗು ಮಾತ್ರ ಅರಳುತ್ತದೆ. ಕೊಯ್ದು ಮೂಟೆ ಕಟ್ಟಿದ ಕಾಫಿಗೆ ಆ ಮಳೆಯಿಂದ ಏನೂ ಆಗುವುದಿಲ್ಲ.

ಈಗ ಲಿವರ್‌ನ ಕೊಬ್ಬನ್ನು ಕೈಗೆ ಸಿಗಿಸಿಕೊಳ್ಳಬೇಕು. ಪ್ರತಿ ಸಲ ಲಿವರ್‌ಗೆ ಸೂಜಿ ಚುಚ್ಚಲು ಆಗುತ್ತದಾ? ಅದು ಬೇಕಾಗುವುದೂ ಇಲ್ಲ. ಲಿವರ್ ತನ್ನ ಕೊಬ್ಬನ್ನು ಸಣ್ಣ ಗಂಟುಗಳಾಗಿ ಕಟ್ಟಿ ರಕ್ತಕ್ಕೆ ಬಿಡುತ್ತಿರುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದಿಂದ ಆ ಗಂಟುಗಳನ್ನು ಬೇರ್ಪಡಿಸಿ, ಒಳಗಿನ ಪಾಲ್ಮಿಟಿಕ್ ಆಮ್ಲವನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ತೂಗುತ್ತಾರೆ. ಒಂದೊಂದು ಹೈಡ್ರೋಜನ್‌ನ ತೂಕದ ವ್ಯತ್ಯಾಸವನ್ನೂ ಹಿಡಿಯುವ ತಕ್ಕಡಿ ಅದು. ಉಗುಳು ಅಥವಾ ಮೂತ್ರದಿಂದ ಮೈಯ ನೀರಿನಲ್ಲಿ ಡ್ಯುಟೀರಿಯಂ ಎಷ್ಟಿದೆ ಎಂದೂ ನೋಡಿಕೊಳ್ಳುತ್ತಾರೆ.

ಮೈಯ ನೀರಿನಲ್ಲಿ ಶೇ. 0.5 ಇದ್ದರೆ, 22 ಜಾಗಗಳಿರುವ ಪೂರ್ತಿ ಹೊಸ ಅಣುಗಳಲ್ಲಿ ನೂರಕ್ಕೆ ಸುಮಾರು 10ರಲ್ಲಿ ಒಂದು ಡ್ಯುಟೀರಿಯಂ ಸಿಗಬೇಕು. ಅಳೆದಾಗ ನೂರಕ್ಕೆ 2 ಮಾತ್ರ ಸಿಕ್ಕಿತು ಅನ್ನಿ. ಹಾಗಾದರೆ ಆ ಪಾಲ್ಮಿಟಿಕ್ ಆಮ್ಲದಲ್ಲಿ ಐದರಲ್ಲಿ ಒಂದು ಪಾಲು, ಶೇ. 20, ಹೊಸದು. ಒಂದು ಸೂಕ್ಷ್ಮ ಇದೆ. ಇಂಗಾಲಕ್ಕೂ ಭಾರದ ಅಣ್ಣ ಇದ್ದಾನೆ. ಭಾರಜಲ ಕುಡಿಯದವರ ಪಾಲ್ಮಿಟಿಕ್ ಆಮ್ಲದಲ್ಲೂ ನೂರಕ್ಕೆ ಸುಮಾರು 15 ಅಣುಗಳು ಆ ಇಂಗಾಲದಿಂದಾಗಿ ಒಂದು ಹೈಡ್ರೋಜನ್‌ನ ತೂಕದಷ್ಟು ಹೆಚ್ಚು ಭಾರವಾಗಿರುತ್ತವೆ. ನಾವು ಹುಡುಕುವುದು 15ರಿಂದ 17ಕ್ಕೆ ಏರಿತಾ ಅನ್ನುವುದನ್ನು. ಆದ್ದರಿಂದ ಭಾರಜಲ ಕುಡಿಯುವ ಮೊದಲೇ ಒಂದು ಮಾದರಿ ತೆಗೆದಿಡಲೇಬೇಕು. ಅದನ್ನು ಮರೆತರೆ ಮುಂದಿನ ಅಳತೆಯೆಲ್ಲ ದಂಡ.

ಇದಕ್ಕೆ ಇನ್ನೊಂದು ವಿಧಾನವೂ ಇದೆ. ಭಾರದ ಇಂಗಾಲ ಹಾಕಿದ ಅಸಿಟೇಟನ್ನು, ಅಂದರೆ ಎರಡು ಇಂಗಾಲದ ಸಣ್ಣ ತುಂಡನ್ನು, ರಕ್ತನಾಳಕ್ಕೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬಿಡುವುದು. ಆಸ್ಪತ್ರೆಯ ಹಾಸಿಗೆ ಬೇಕು. ಭಾರಜಲಕ್ಕೆ ಅದು ಬೇಡ. ಸಂಜೆ ಕುಡಿದು ಬೆಳಗ್ಗೆ ರಕ್ತ ಕೊಡಬಹುದು, ಇಲ್ಲವೇ ಮನೆಯಲ್ಲೇ ಇದ್ದು ವಾರಗಟ್ಟಲೆ ಸ್ವಲ್ಪ ಸ್ವಲ್ಪ ಕುಡಿಯುತ್ತಾ ಹೋಗಬಹುದು. ಮಾಮೂಲಿ ಊಟ, ಮಾಮೂಲಿ ಕೆಲಸ. ನನ್ನ ಮಟ್ಟಿಗೆ ಇದರ ದೊಡ್ಡ ಬೆಲೆ ಇರುವುದು ಇಲ್ಲೇ. ಆಸ್ಪತ್ರೆಯ ಊಟ ತಿಂದ ಲಿವರ್‌ಗಿಂತ ಮನೆಯ ಊಟ ತಿಂದ ಲಿವರ್ ಏನು ಮಾಡುತ್ತದೆ ಅಂತ ಅಲ್ವಾ ನಮಗೆ ತಿಳಿಯಬೇಕಾದದ್ದು?

ಹೀಗೆಲ್ಲ ಅಳೆದು ಸಿಕ್ಕಿದ್ದೇನು? 2005ರಲ್ಲಿ ಮಿನೆಸೋಟಾದಲ್ಲಿ ಫ್ಯಾಟಿ ಲಿವರ್ ಇದ್ದ ಕೆಲವೇ ಜನರ ಮೇಲೆ ಮಾಡಿದ ಅಧ್ಯಯನ ಬಹಳ ಹೆಸರಾಯಿತು. ಅದರಲ್ಲಿ ಬಳಸಿದ್ದು ಅಸಿಟೇಟ್ ಮತ್ತು ಬೇರೆ ಗುರುತುಗಳು. ಅವರ ಲಿವರ್ ಕೊಬ್ಬಿನಲ್ಲಿ ಶೇ. 59 ಮೈಯ ಕೊಬ್ಬಿನಿಂದ ಕರಗಿ ಬಂದದ್ದು, ಶೇ. 26 ಲಿವರೇ ಹೊಸದಾಗಿ ಮಾಡಿದ್ದು, ಶೇ. 15 ಮಾತ್ರ ತಿಂದ ಕೊಬ್ಬು. ಲಿವರ್‌ನಿಂದ ತೆಗೆದ ತುಣುಕಿಗೂ ರಕ್ತದಲ್ಲಿ ಸಿಕ್ಕ ಗಂಟಿಗೂ ಹೊಂದಾಣಿಕೆ ಇದೆ ಎಂದೂ ಆ ಅಧ್ಯಯನ ತೋರಿಸಿತು. ಆಮೇಲೆ ಭಾರಜಲದ ಸರದಿ. 2014ರಲ್ಲಿ ಟೆಕ್ಸಾಸ್‌ನ ತಂಡ ಅಳೆದಾಗ, ಲಿವರ್‌ನಲ್ಲಿ ಕೊಬ್ಬು ಕಡಿಮೆ ಇದ್ದವರಲ್ಲಿ ಹೊಸ ಕೊಬ್ಬಿನ ಪಾಲು ಸುಮಾರು ಶೇ. 10, ಜಾಸ್ತಿ ಇದ್ದವರಲ್ಲಿ ಸುಮಾರು ಶೇ. 23. 2020ರಲ್ಲಿ ಸೇಂಟ್ ಲೂಯಿಸ್‌ನ ತಂಡಕ್ಕೆ ಸಿಕ್ಕ ಅಂಕಿ ಇನ್ನೂ ಸ್ಪಷ್ಟ. ಸಣಕಲು ಮೈಯವರಲ್ಲಿ ಶೇ. 11, ದಪ್ಪ ಇದ್ದರೂ ಫ್ಯಾಟಿ ಲಿವರ್ ಇಲ್ಲದವರಲ್ಲಿ ಶೇ. 19, ದಪ್ಪವೂ ಇದ್ದು ಫ್ಯಾಟಿ ಲಿವರೂ ಇದ್ದವರಲ್ಲಿ ಶೇ. 38.

ಈ ಏರಿಕೆಯ ಹಿಂದೆ ಇನ್ಸುಲಿನ್‌ನ ಕಥೆ ಇದೆ. ಸ್ನಾಯುಗಳು ಇನ್ಸುಲಿನ್‌ನ ಮಾತು ಕೇಳುವುದನ್ನು ಬಿಟ್ಟಾಗ, ಊಟದ ಸಕ್ಕರೆ ಅಲ್ಲಿ ಹೋಗದೆ ರಕ್ತದಲ್ಲೇ ಉಳಿಯುತ್ತದೆ. ಅದನ್ನು ಇಳಿಸಲು ಮೈ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸುತ್ತದೆ. ಲಿವರ್ ಮಾತ್ರ ‘ಕೊಬ್ಬು ಕಟ್ಟು’ ಎಂಬ ಅದರ ಆಜ್ಞೆಯನ್ನು ಕೇಳುತ್ತಲೇ ಇರುತ್ತದೆ. ಕಚ್ಚಾ ಮಾಲೂ ಜಾಸ್ತಿ, ಆಜ್ಞೆಯೂ ಜಾಸ್ತಿ. ಅದೇ 2020ರ ಅಧ್ಯಯನದಲ್ಲಿ ತೂಕ ಇಳಿಸಿದವರಲ್ಲಿ ಹೊಸ ಕೊಬ್ಬಿನ ಪಾಲೂ ಇಳಿಯಿತು.

ನಮ್ಮ ತಟ್ಟೆಗೆ ಹತ್ತಿರದ ಒಂದು ಅಧ್ಯಯನ 2017ರದ್ದು. ಕ್ಯಾಲಿಫೋರ್ನಿಯಾದಲ್ಲಿ ದಪ್ಪ ಇದ್ದ 41 ಮಕ್ಕಳಿಗೆ 9 ದಿನ ಸಕ್ಕರೆ ಕಡಿಮೆ ಮಾಡಿ, ಅಷ್ಟೇ ಕ್ಯಾಲೊರಿಯ ಪಿಷ್ಟ ಕೊಟ್ಟರು. ಅಸಿಟೇಟ್ ವಿಧಾನದಲ್ಲಿ ಅಳೆದಾಗ ಹೊಸ ಕೊಬ್ಬಿನ ತಯಾರಿ ಅರ್ಧಕ್ಕೂ ಕೆಳಗೆ ಬಂತು. ಲಿವರ್‌ನ ಕೊಬ್ಬು ಶೇ. 7.2ರಿಂದ 3.8ಕ್ಕೆ ಇಳಿಯಿತು. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ, ಅದು ದೊಡ್ಡ ಕೊರತೆ. ಆದರೂ ಒಂದು ಮಾತು ಗಮನಿಸಿ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್, ಅದರ ಬಹುಪಾಲು ಹೋಗುವುದು ಲಿವರ್‌ಗೆ. ಅಕ್ಕಿಯ ಪಿಷ್ಟದಲ್ಲಿ ಫ್ರಕ್ಟೋಸ್ ಇಲ್ಲ. ಫ್ಯಾಟಿ ಲಿವರ್ ಅಂದ ಕೂಡಲೇ ಅಕ್ಕಿರೊಟ್ಟಿ, ಕಡಂಬುಟ್ಟು, ನೂಪುಟ್ಟು ಎಲ್ಲಕ್ಕೂ ಬೈಯುವವರು ನಮ್ಮಲ್ಲಿ ಬಹಳ. ದಿನಕ್ಕೆ ಐದಾರು ಸಲ ಕುಡಿಯುವ ಕಾಫಿಯ ಸಕ್ಕರೆ, ಬಾಟಲಿಯ ತಂಪು ಪಾನೀಯ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅಳತೆಗಳು ಮೊದಲು ಬೆರಳು ತೋರಿಸುವುದು ಅತ್ತ ಕಡೆ. ಹಾಗಂತ ಅನ್ನ ಎಷ್ಟು ಬೇಕಾದರೂ ತಿನ್ನಿ ಎಂದೂ ಅವು ಹೇಳುವುದಿಲ್ಲ.

ಮದ್ಯದ ವಿಷಯವನ್ನೂ ಹೇಳಲೇಬೇಕು, ಕೊಡಗಿನಲ್ಲಿ ಕುಳಿತು ಅದನ್ನು ಬಿಟ್ಟು ಬರೆದರೆ ಪ್ರಾಮಾಣಿಕ ಆಗುವುದಿಲ್ಲ. 1999ರ ಒಂದು ಅಧ್ಯಯನದಲ್ಲಿ ಎಂಟು ಜನ ಆರೋಗ್ಯವಂತ ಗಂಡಸರಿಗೆ 24 ಗ್ರಾಂ ಆಲ್ಕೊಹಾಲ್ ಕೊಟ್ಟರು. ಲಿವರ್ ಹೊರಬಿಟ್ಟ ಕೊಬ್ಬಿನಲ್ಲಿ ಹೊಸದರ ಪಾಲು ಶೇ. 2ರಿಂದ ಶೇ. 30ಕ್ಕೆ ಹಾರಿತು. ಅಬ್ಬಾ ಅನ್ನಿಸುತ್ತದೆ. ಆದರೆ ಕುಡಿದ ಆಲ್ಕೊಹಾಲ್‌ನಲ್ಲಿ ಕೊಬ್ಬಾದದ್ದು ಶೇ. 5ಕ್ಕಿಂತ ಕಡಿಮೆ. ಬಹುಪಾಲು ಅಸಿಟೇಟ್ ಆಗಿ ಲಿವರ್‌ನಿಂದ ಹೊರಗೆ ಹೋಯಿತು, ಅದನ್ನು ಉರಿಸುವ ಗಡಿಬಿಡಿಯಲ್ಲಿ ಮೈ ಕೊಬ್ಬು ಉರಿಸುವುದನ್ನೇ ತಗ್ಗಿಸಿತು. ಪಾಲು ದೊಡ್ಡದು, ಪ್ರಮಾಣ ಸಣ್ಣದು, ನಿಜವಾದ ಪೆಟ್ಟು ಇನ್ನೊಂದು ಕಡೆ.

ಈ ವಿಧಾನವನ್ನು ಓದುವಾಗ ನಾನು ಸದಾ ನೆನಪಿಡುವುದು ಇದನ್ನೇ. ಭಾರಜಲ ಕೊಡುವುದು ಶೇಕಡಾ ಲೆಕ್ಕ, ಗ್ರಾಂ ಲೆಕ್ಕ ಅಲ್ಲ. ಮೈಯ ಕೊಬ್ಬು ಲಿವರ್‌ಗೆ ಬರುವುದು ಕಡಿಮೆಯಾದರೂ ಹೊಸ ಕೊಬ್ಬಿನ ಪಾಲು ಏರಿದಂತೆ ಕಾಣುತ್ತದೆ, ತಯಾರಿ ಒಂದಿಷ್ಟೂ ಏರದೆ. ಗ್ರಾಂ ಬೇಕಾದರೆ ಲಿವರ್‌ನಲ್ಲಿ ಕೊಬ್ಬು ಎಷ್ಟಿದೆ, ದಿನಕ್ಕೆ ಎಷ್ಟು ಹೊರಹೋಗುತ್ತದೆ ಎಂದು ಬೇರೆಯಾಗಿ ಅಳೆಯಬೇಕು. ಒಂದೇ ರಾತ್ರಿ ಅಳೆದರೆ ಲಿವರ್‌ನ ಮೂಲೆಯಲ್ಲಿ ನಿಧಾನ ಕರಗುವ ಹಳೆಯ ಕೊಬ್ಬಿನ ತನಕ ಗುರುತು ತಲುಪಿರುವುದಿಲ್ಲ, ಪಾಲು ಕಡಿಮೆ ಕಾಣುತ್ತದೆ. ವಾರಗಟ್ಟಲೆ ಅಳೆದವರ ಅಂಕಿಯನ್ನೂ ಒಂದು ರಾತ್ರಿ ಅಳೆದವರ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಮೋಸ ಹೋಗುತ್ತೇವೆ.

ಈಗ ಚಿಕ್ಕಪ್ಪನ ಡಬ್ಬಿಗೆ ಬರೋಣ. ಆ ಡಬ್ಬಿಯ ಹಿಂದೆ ನಿಜವಾದ ವಿಜ್ಞಾನದ ಎಳೆ ಒಂದಿದೆ, ಅದು ಮೈಸೂರಿನದ್ದು. ಕಾಚಂಪುಳಿ ಮಾಡುವುದನ್ನು ನೋಡಿದವರಿಗೆ ಗೊತ್ತು. ಮಳೆಗಾಲದಲ್ಲಿ ಕಳಿತ ಹಣ್ಣನ್ನು ಬುಟ್ಟಿಯಲ್ಲಿ ಇಡುತ್ತಾರೆ, ರಸ ತೊಟ್ಟಿಕ್ಕಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ. ಅದನ್ನು ಕುದಿಸಿ ಕುದಿಸಿ ಕಪ್ಪಗೆ, ಗಟ್ಟಿಗೆ ಬತ್ತಿಸುತ್ತಾರೆ. ಪಂದಿಕರಿಗೆ ಒಂದು ಚಮಚ ಬಿದ್ದರೆ ಸಾಕು. ಬೇರೆ ಕಡೆ ಕನ್ನಡದಲ್ಲಿ ಉಪ್ಪಾಗೆ ಅನ್ನುವ ಈ ಹಣ್ಣಿನ ಹುಳಿ ಯಾವುದು ಎಂದು 1965ರಲ್ಲಿ ಗುರುತಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವೈ. ಎಸ್. ಲೂಯಿಸ್ ಮತ್ತು ಜೊತೆಗಾರರು. ಅದು ನಿಂಬೆಯ ಹುಳಿ ಅಲ್ಲ, ಹುಣಸೆಯದ್ದೂ ಅಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಲಿವರ್‌ನಲ್ಲಿ ಕೊಬ್ಬಿಗೆ ಬೇಕಾದ ಎರಡು ಇಂಗಾಲದ ತುಂಡುಗಳನ್ನು ಕತ್ತರಿಸಿ ಕೊಡುವ ಕಿಣ್ವವನ್ನೇ ಈ ಆಮ್ಲ ತಡೆಯುತ್ತದೆ. ಅಂದರೆ ಭಾರಜಲ ಅಳೆಯುವ ಅದೇ ದಾರಿಯ ಬಾಗಿಲಿಗೆ ಕಾಚಂಪುಳಿ ಅಗುಳಿ ಹಾಕಬಲ್ಲದು, ಪ್ರಯೋಗಶಾಲೆಯಲ್ಲಿ. ಇದನ್ನು ಮೊದಲ ಸಲ ಓದಿದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ.

ಆದರೆ ಅಲ್ಲಿಂದ ಮಾತ್ರೆಯ ಡಬ್ಬಿಗೆ ಹಾರಿದ ದಾರಿ ಸರಿಯಿಲ್ಲ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದರು. ದಿನಕ್ಕೆ 1,500 ಮಿಲಿಗ್ರಾಂ ಈ ಆಮ್ಲ ತೆಗೆದುಕೊಂಡವರಿಗೂ ಬರೀ ಹುಸಿ ಮಾತ್ರೆ ತೆಗೆದುಕೊಂಡವರಿಗೂ ತೂಕ ಇಳಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇನ್ನೂ ಮುಖ್ಯವಾದದ್ದು, ಈ ಹಣ್ಣಿನ ಸತ್ವ ಇರುವ ತೂಕ ಇಳಿಸುವ ಮಾತ್ರೆಗಳನ್ನು ತಿಂದವರಲ್ಲಿ ತೀವ್ರ ಲಿವರ್ ಹಾನಿಯಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಲಿವರ್‌ಗಾಗಿ ತೆಗೆದುಕೊಂಡದ್ದು ಲಿವರನ್ನೇ ಕೆಡಿಸಿದರೆ? ಪಂದಿಕರಿಯ ಒಂದು ಚಮಚ ಬೇರೆ, ದಿನವೂ ನುಂಗುವ ಸಾಂದ್ರ ಸತ್ವ ಬೇರೆ. ಕುದಿಸುವಾಗ ಈ ಆಮ್ಲ ಒಂದಷ್ಟು ರೂಪವನ್ನೂ ಬದಲಿಸಿಕೊಳ್ಳುತ್ತದೆ, ಹಾಗಾಗಿ ಅಡುಗೆಮನೆಯ ಬಾಟಲಿಯಲ್ಲಿ ಇರುವುದೂ ಡಬ್ಬಿಯಲ್ಲಿ ಇರುವುದೂ ಒಂದೇ ಅಲ್ಲ. ಚಿಕ್ಕಪ್ಪನಿಗೆ ನಾನು ಹೇಳಿದ್ದು ಇಷ್ಟೇ. ಮಾತ್ರೆ ತಿನ್ನಬೇಡಿ, ಡಬ್ಬಿಯನ್ನು ಡಾಕ್ಟರಿಗೆ ತೋರಿಸಿ.

ದಾರಿಯನ್ನು ಪೂರ್ತಿ ಮುಚ್ಚಿದರೂ ಎಲ್ಲ ಸರಿಯಾಗುವುದಿಲ್ಲ. ಹೊಸ ಕೊಬ್ಬಿನ ತಯಾರಿಯ ಇನ್ನೊಂದು ಮುಖ್ಯ ಕಿಣ್ವವನ್ನು ಲಿವರ್‌ನಲ್ಲಿ ತಡೆಯುವ ಔಷಧವನ್ನು ಕೊಟ್ಟು ನೋಡಿದ 2017ರ ಅಧ್ಯಯನದಲ್ಲಿ ಲಿವರ್‌ನ ಕೊಬ್ಬು ಇಳಿಯಿತು, ರಕ್ತದಲ್ಲಿ ಓಡಾಡುವ ಕೊಬ್ಬು (ಟ್ರೈಗ್ಲಿಸರೈಡ್) ಮಾತ್ರ ಬಹಳ ಏರಿತು. ಒಂದು ಕಡೆ ಒಡ್ಡು ಹಾಕಿದರೆ ನೀರು ಇನ್ನೊಂದು ಕಡೆ ಹರಿಯುತ್ತದಲ್ಲ, ಹಾಗೆ.

ಈ ಅಳತೆ ಆಸ್ಪತ್ರೆಯಲ್ಲಿ ಬರೆಸಿಕೊಂಡು ಮಾಡಿಸುವ ಟೆಸ್ಟ್ ಅಲ್ಲ. ಇದು ಸಂಶೋಧನೆಯ ಸಾಧನ. ಆದರೆ ಅದು ನಮ್ಮಿಂದ ದೂರದ್ದಾಗಿಯೇ ಇರಬೇಕು ಎಂದೇನಿಲ್ಲ. ಫ್ಯಾಟಿ ಲಿವರನ್ನು ಕೇಂದ್ರ ಸರ್ಕಾರ 2021ರ ಫೆಬ್ರುವರಿಯಲ್ಲೇ ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ, 2024ರಲ್ಲಿ ಮಾರ್ಗಸೂಚಿಯನ್ನು ಪರಿಷ್ಕರಿಸಿದೆ. ಜನರಿಗೆ ಏನು ಹೇಳಬೇಕು ಎಂಬುದು ಅದರಲ್ಲಿದೆ. ನಮ್ಮ ಊಟ ತಿಂದ ನಮ್ಮ ಲಿವರ್ ಯಾವ ದಾರಿಯಿಂದ ಕೊಬ್ಬು ತುಂಬಿಕೊಳ್ಳುತ್ತದೆ ಎಂಬ ಲೆಕ್ಕ ಮಾತ್ರ ಮೇಲೆ ಹೇಳಿದ ಅಂಕಿಗಳಲ್ಲಿ ಇಲ್ಲ. ಅವೆಲ್ಲ ಅಮೆರಿಕದ ಅಂಕಿಗಳು. ತೆಳ್ಳಗಿದ್ದೂ ಫ್ಯಾಟಿ ಲಿವರ್ ಆಗುವವರು ಭಾರತದಲ್ಲಿ ಕಡಿಮೆ ಇಲ್ಲ. ಅವರಿಗೂ ಸೇಂಟ್ ಲೂಯಿಸ್‌ನ ಶೇ. 11 ಹೊಂದುತ್ತದೆ ಎಂದು ನಂಬಲು ಕಾರಣ ಏನು?

ಬೇಕಾದ ಸಾಮಾನೆಲ್ಲ ನಮ್ಮಲ್ಲೇ ಇದೆ. ಭಾರಜಲವನ್ನು ತಾನೇ ತಯಾರಿಸಿ ಹೊರಗೂ ಕಳಿಸುವ ದೇಶ ನಮ್ಮದು. ಉತ್ತರ ಕನ್ನಡದ ಕೈಗಾ ಸ್ಥಾವರದ ರಿಯಾಕ್ಟರ್‌ಗಳು ನಡೆಯುವುದೇ ಅದರಿಂದ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಡ್ಯುಟೀರಿಯಂನಂಥ ವಿಕಿರಣವಿಲ್ಲದ ‘ಭಾರದ ಅಣ್ಣಂದಿರನ್ನು’ (ಐಸೋಟೋಪ್) ಬಳಸಿ ಪೋಷಣೆಯ ಅಧ್ಯಯನವನ್ನು ವರ್ಷಗಳಿಂದ ಮಾಡುತ್ತಾ ಬಂದಿದೆ. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಉಗುಳಿನ ಟ್ಯೂಬ್, ಬೆಳಗಿನ ರಕ್ತ, ಮನೆಯ ಊಟದ ಡೈರಿ ಇಷ್ಟನ್ನು ಇಲ್ಲಿ ಜೋಪಾನವಾಗಿ ತೆಗೆದು ಮಾಸ್ ಸ್ಪೆಕ್ಟ್ರೋಮೀಟರ್ ಇರುವಲ್ಲಿಗೆ ಕಳಿಸಿದರೆ ಸಾಕು.

ಅಂಥದ್ದೊಂದು ನಡೆದರೆ ಎರಡು ಕಾಲದಲ್ಲಿ ಅಳೆಯಬೇಕು ಎಂದು ನನ್ನ ಆಸೆ. ಕಾಫಿ ಕೊಯ್ಲಿನ ದಿನಗಳಲ್ಲಿ ಒಮ್ಮೆ, ಮೈ ಬಗ್ಗಿ ಕೆಲಸ ಮಾಡುವಾಗ. ಜುಲೈನಲ್ಲಿ ಇನ್ನೊಮ್ಮೆ, ಮಳೆಗೆ ಹೊರಗೆ ಕಾಲಿಡದೆ ಕರಿದದ್ದು ತಿನ್ನುತ್ತಾ, ಕಾಫಿ ಕುಡಿಯುತ್ತಾ ಕುಳಿತಿರುವಾಗ. ತೋಟದ ಮಾಲೀಕರನ್ನೂ ಲೈನ್‌ಮನೆಗಳಲ್ಲಿ ಇರುವ ಕಾರ್ಮಿಕರನ್ನೂ ಸೇರಿಸಬೇಕು, ಹೆಂಗಸರನ್ನು ಬಿಡಬಾರದು. ಮೊದಲ ಮಾದರಿ ತೆಗೆಯುವಾಗ ಯಾರು ಎಲ್ಲಿಯ ನೀರು ಕುಡಿಯುತ್ತಾರೆ ಎಂದೂ ಬರೆದುಕೊಳ್ಳಬೇಕು. ಮೋಡ ಘಟ್ಟ ಹತ್ತುತ್ತಾ ಸುರಿಯುವಾಗ ಡ್ಯುಟೀರಿಯಂ ಇರುವ ಭಾರದ ಅಣುಗಳು ಮೊದಲು ಉದುರುತ್ತವೆ, ಒಳನಾಡಿಗೆ ಹೋದ ಹಾಗೆ ಮಳೆ ಹಗುರಾಗುತ್ತದೆ. ಭಾಗಮಂಡಲದ ಬಾವಿಗೂ ಕುಶಾಲನಗರದ ಬೋರ್‌ವೆಲ್‌ಗೂ ಕೂದಲೆಳೆಯಷ್ಟು ವ್ಯತ್ಯಾಸ ಇರಬಹುದು. ಆ ತಕ್ಕಡಿ ಅದನ್ನೂ ತೂಗುತ್ತದೆ.